ಮರುಭೂಮಿಯ ಪಟ್ಟಣದಲ್ಲಿ ಗಾಳಿಯ ಋತುಗಳು

ಮರುಭೂಮಿಯ ಗಾಳಿ ಒಣಗಾಳಿ, ಒಣಗಾಳಿ ಎದೆಗೆ ಹಿತವಾದುದು, ಎಂಬ ನಂಬಿಕೆ ಬಹುಕಾಲದಿಂದ ಬೇರೂರಿದೆ. ಅಮೆರಿಕಾ ದೇಶದ ಅರಿಜೋನಾ ಪ್ರಾಂತದಲ್ಲಿರುವ ಫೀನಿಕ್ಸ್ ಪಟ್ಟಣವು ಒಂದು ಕಾಲಕ್ಕೆ ಈ ನಂಬಿಕೆಯಿಂದಲೇ ಹೆಸರು ಪಡೆದಿತ್ತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕ್ಷಯರೋಗಿಗಳು ದೂರದ ಊರುಗಳಿಂದ ಬಂದು, ಪಟ್ಟಣದ ಉತ್ತರಕ್ಕಿರುವ ಸನ್ನಿಸ್ಲೋಪ್ ಎಂಬಲ್ಲಿ ಡೇರೆಗಳಲ್ಲಿಯೂ ಪುಟ್ಟ ಮನೆಗಳಲ್ಲಿಯೂ ವಾಸಿಸಿ, ಗಾಳಿಯನ್ನೇ ಔಷಧವೆಂದು ಸೇವಿಸಿದರು. ಇಂದಾದರೋ ಅದೇ ಪಟ್ಟಣದ ತಾಯಂದಿರು ಮಕ್ಕಳನ್ನು ಆಟಕ್ಕೆ ಬಿಡುವ ಮುನ್ನ ಆ ದಿನದ ಗಾಳಿ ಹೇಗಿದೆಯೆಂದು ವಿಚಾರಿಸಿಕೊಳ್ಳುವರು.

ನಮ್ಮ ಮಗಳ ಸಂಸಾರವು ಅಲ್ಲಿ ನೆಲೆಸಿರುವುದರಿಂದ, ಒಂದು ಸಲ ಚಳಿಗಾಲವನ್ನೂ ಇನ್ನೊಂದು ಸಲ ಬೇಸಿಗೆಯನ್ನೂ ನಾವು ಆ ಊರಿನಲ್ಲಿ ಕಳೆದೆವು. ಆರು ವರ್ಷದ ಮೊಮ್ಮಗನಿಗೆ ಉಬ್ಬಸದ ಉಪದ್ರವ. ಕೂಡಿಹಾಕಿದರೆ ಮಗು ಬಾಡುವುದು. ಬಿಟ್ಟರೆ ಉಸಿರು ಕಟ್ಟುವುದು. ಈ ಇಕ್ಕಟ್ಟಿನಲ್ಲಿ ಸಿಕ್ಕಿದವರಿಗೆ ಬಾಗಿಲು ಹಾಕುವ ವಿದ್ಯೆಗಿಂತ ಬಾಗಿಲು ತೆರೆಯುವ ವಿದ್ಯೆಯೇ ಹೆಚ್ಚು ಬೇಕಾದುದು.

ಆ ಪಟ್ಟಣವು ಬೆಟ್ಟಗಳ ನಡುವೆ ಬೋಗುಣಿಯಂತೆ ಇದೆ. ಚಳಿಗಾಲದ ರಾತ್ರಿ ಮೋಡವಿಲ್ಲದ ಆಕಾಶದ ಕೆಳಗೆ ಮರುಭೂಮಿಯ ನೆಲ ಬೇಗನೆ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ, ಬೋಗುಣಿಯ ತಳದಲ್ಲಿ ಕೂಡುತ್ತದೆ; ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕುಳಿತುಕೊಳ್ಳುತ್ತದೆ. ಮೋಟಾರುಗಳ ಹೊಗೆ, ಅಗ್ಗಿಷ್ಟಿಕೆಗಳ ಸೌದೆಯ ಹೊಗೆ, ಹೊಸ ವರ್ಷದ ರಾತ್ರಿಯ ಪಟಾಕಿಯ ಹೊಗೆ ಎಲ್ಲವೂ ಅದರಡಿಯಲ್ಲಿ ಸೆರೆಯಾಗುವುವು. ಇಂಥ ದಿನಗಳಲ್ಲಿ ಸೌದೆ ಉರಿಸಕೂಡದೆಂದು ಅಲ್ಲಿನ ಜಿಲ್ಲಾಡಳಿತವು ಮೊದಲೇ ಸಾರುವುದುಂಟು. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ತೆರೆದುಕೊಳ್ಳುತ್ತದೆ. ಆದುದರಿಂದ ಚಳಿಗಾಲದಲ್ಲಿ ನಮ್ಮ ಹುಡುಗನಿಗೆ ಆಟದ ಹೊತ್ತು ನಡುಹಗಲು, ಮುಂಜಾನೆಯಲ್ಲ.

ಬೇಸಿಗೆಯಲ್ಲಿ ಈ ನಿಯಮವು ತಲೆಕೆಳಗಾಗುತ್ತದೆ. ಅಲ್ಲಿಯ ಬಿಸಿಲೆಂದರೆ ಸಾಮಾನ್ಯವಲ್ಲ. 2023ನೆಯ ಇಸವಿಯಲ್ಲಿ ಬಿಡುವಿಲ್ಲದೆ 31 ದಿನಗಳ ಕಾಲ ಹಗಲಿನ ಶಾಖವು 43 ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಮೋಟಾರು ಮೊದಲಾದುವು ಉಗುಳಿದ ಅನಿಲಗಳ ಮೇಲೆ ಇಂಥ ಬಿಸಿಲು ಬಿದ್ದು ಓಜೋನ್ ಎಂಬ ಅನಿಲ ಹುಟ್ಟುತ್ತದೆ. ಮೇಲಿನ ಆಕಾಶದಲ್ಲಿದ್ದು ನಮ್ಮನ್ನು ಕಾಯುವ ಈ ವಸ್ತುವೇ ಮೂಗಿನ ಮಟ್ಟದಲ್ಲಿ ಶ್ವಾಸನಾಳವನ್ನು ಕೆರಳಿಸುವುದು. ಅದಕ್ಕೆ ಬಣ್ಣವಿಲ್ಲ, ಧೂಳು ತಡೆಯುವ ಮುಖವಸ್ತ್ರಕ್ಕೆ ಅದು ಸಿಕ್ಕದು. ಆಕಾಶ ನೀಲಿಯಾಗಿ ಹೊಳೆಯುತ್ತಿರುವ ಅಪರಾಹ್ಣದಲ್ಲಿಯೇ ಅದರ ಪ್ರಾಬಲ್ಯ. ಆಗ ಮಗುವನ್ನು ಬೆಳಕು ಹರಿಯುತ್ತಲೇ ಎಬ್ಬಿಸಿ, ಆಡಿಸಿ, ಬಿಸಿಲೇರುವ ಮೊದಲು ಒಳಗೆ ಕರೆದುಕೊಳ್ಳುವುದು ನಮ್ಮ ಕೆಲಸವಾಯಿತು.

ಇದರ ನಡುವೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲಿಗೂ ಒಂದು ಮಳೆಗಾಲವುಂಟು. ಗುಡುಗುಮಳೆಯ ಮೋಡದಿಂದ ರಭಸವಾಗಿ ಕೆಳಗಿಳಿದ ತಂಗಾಳಿ ಒಣನೆಲದ ಮಣ್ಣನ್ನೆಬ್ಬಿಸಿ ಗೋಡೆಯಂತೆ ಮುಂದೊತ್ತುತ್ತದೆ. 2011ನೆಯ ಇಸವಿಯ ಜುಲೈ 5ರಂದು ಬಂದ ಧೂಳಿನ ಗೋಡೆಯು ಸುಮಾರು ಒಂದೂವರೆ ಕಿಲೋಮೀಟರು ಎತ್ತರವಾಗಿಯೂ ನೂರೈವತ್ತು ಕಿಲೋಮೀಟರಿನಷ್ಟು ಅಗಲವಾಗಿಯೂ ಇದ್ದಿತು. ಅಲ್ಲಿಯ ಮಣ್ಣಿನಲ್ಲಿ ಒಂದು ಬಗೆಯ ಬೂಷ್ಟಿನ ಕಣಗಳೂ ಇದ್ದು, ಉಸಿರಿನೊಡನೆ ಒಳಹೊಕ್ಕು ‘ಕಣಿವೆಯ ಜ್ವರ’ ಎಂಬ ಶ್ವಾಸಕೋಶದ ವ್ಯಾಧಿಯನ್ನು ತರಬಲ್ಲುವು. ಆದರೂ ಈ ಧೂಳು ಪ್ರಾಮಾಣಿಕ ಶತ್ರು. ಕಣ್ಣಿಗೆ ಕಾಣುವಂತೆ ಬರುವುದು, ಕಿಟಕಿ ಮುಚ್ಚಲು ಅವಕಾಶ ಕೊಡುವುದು.

ಉಳಿದವುಗಳಿಗೆ ಕಣ್ಣು ಸಾಕ್ಷಿಯಲ್ಲ, ಅಂಕಿಯೇ ಸಾಕ್ಷಿ. ಗಾಳಿಯ ಗುಣವನ್ನು ದಿನವೂ ಅಂಕಿಯಿಂದಲೂ ಬಣ್ಣದಿಂದಲೂ ಪ್ರಕಟಿಸುವರು. ನೂರನ್ನು ಮೀರಿ ಕಿತ್ತಳೆ ಬಣ್ಣಕ್ಕೆ ತಿರುಗಿತೆಂದರೆ ಉಬ್ಬಸದವರು, ಮಕ್ಕಳು, ವೃದ್ಧರು ಎಚ್ಚರಗೊಳ್ಳಬೇಕು. ನಮ್ಮ ಮೊಮ್ಮಗನು ಓದುವುದಕ್ಕೆ ಮೊದಲು ಆ ಬಣ್ಣಗಳನ್ನು ಕಲಿತನು.

ಗೃಹಿಣಿಯರಿಗೆ ಇನ್ನೊಂದು ಮಾತು. ಹೊರಗಿನ ಗಾಳಿಗೆ ಹೆದರಿ ಮನೆಯನ್ನು ಬಿಗಿಯಾಗಿ ಮುಚ್ಚಿದಾಗ ನಮ್ಮ ಒಗ್ಗರಣೆಯ ಘಾಟು, ದೇವರ ಮುಂದಿನ ಧೂಪ, ಊದುಬತ್ತಿ ಇವುಗಳ ಹೊಗೆಯೂ ಒಳಗೇ ಉಳಿಯುತ್ತದೆ. ಅಂಥ ದಿನಗಳಲ್ಲಿ ನಮ್ಮ ಮನೆಯಾಕೆ ಒಲೆಯ ಮೇಲಿನ ಹೊಗೆ ಸೆಳೆಯುವ ಫ್ಯಾನನ್ನು ನಡೆಯಿಸದೆ ಬಾಣಲೆ ಇಡುತ್ತಿರಲಿಲ್ಲ. ದೇವರಿಗೆ ಹೂವು, ತುಪ್ಪದ ದೀಪ ಇವೇ ಸಾಕಾಗುತ್ತಿದ್ದುವು.

ಯಾವ ಋತುವಿನಲ್ಲಿ ಏನನ್ನು ಉಣ್ಣಬೇಕೆಂದು ನಮ್ಮ ಹಿರಿಯರು ವಿಧಿಸಿದರು. ಯಾವ ಋತುವಿನಲ್ಲಿ ಯಾವ ಹೊತ್ತಿನ ಗಾಳಿಯನ್ನು ಸೇವಿಸಬೇಕೆಂಬುದನ್ನು ಈಗ ನಾವು ಕಲಿಯಬೇಕಾಗಿದೆ. ಅದನ್ನು ಕಲಿತ ಮನೆಯಲ್ಲಿ ಉಬ್ಬಸದ ಮಗುವಿಗೂ ಬಹುತೇಕ ದಿನಗಳಲ್ಲಿ ಒಂದು ಗಂಟೆಯ ಆಟ ದೊರೆಯುವುದು. ಆ ಒಂದು ಗಂಟೆಯು ಮಗುವಿಗೆಷ್ಟು ದೊಡ್ಡದೆಂಬುದನ್ನು ಮಕ್ಕಳೊಂದಿಗರಿಗೆ ನಾವು ಹೇಳಬೇಕಾದುದಿಲ್ಲ.