ಒಂದೇ ಹೆಸರಿನ ಎರಡು ಕಡತಗಳು

ಕಣ್ಣಿಗೆ ಒಂದಾಗಿ ತೋರುವುದೆಲ್ಲವೂ ಒಂದೇ ಅಲ್ಲವೆಂಬುದು ತಾರ್ಕಿಕರ ಹಳೆಯ ಮಾತು. ಈಗ ಮನೆಮನೆಗೂ ಬಂದಿರುವ ಗಣಕಯಂತ್ರವು ಆ ಮಾತನ್ನು ನಮ್ಮ ಕನ್ನಡ ಅಕ್ಷರಗಳಲ್ಲಿಯೇ ತೋರಿಸಿಕೊಡುತ್ತದೆ. ಮನೆಯ ಕಾಗದಪತ್ರಗಳನ್ನು ಗಣಕದಲ್ಲಿ ಇಟ್ಟುಕೊಳ್ಳುವ ಗೃಹಸ್ಥರು ಇದನ್ನು ತಿಳಿದಿರುವುದು ಹಿತ.

ನಮ್ಮ ಮನೆಯಲ್ಲಿ ಎರಡು ಗಣಕಗಳಿವೆ. ನನ್ನದು ಲಿನಕ್ಸ್, ಸೊಸೆಯದು ಮ್ಯಾಕ್. ಎರಡೂ 1969ರಲ್ಲಿ ಹುಟ್ಟಿದ ಯುನಿಕ್ಸ್ ಸಂಪ್ರದಾಯಕ್ಕೆ ಸೇರಿದವು. ನನ್ನ ಗಣಕದ ಒಂದು ಫೋಲ್ಡರನ್ನು, 1984ರಲ್ಲಿ ಬಳಕೆಗೆ ಬಂದ ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯ ಮೂಲಕ, ಆಕೆಯ ಗಣಕವೂ ತನ್ನದೆಂಬಂತೆ ತೆರೆಯುತ್ತದೆ. ಅದರಲ್ಲಿ ಹಂಪಿ, ಸಂಡೂರು, ಕಂಪ್ಲಿ, ಹೊಸಪೇಟೆ ಎಂಬ ನಾಲ್ಕು ಕಡತಗಳು. ಆಯಾ ಊರಿನ ಮುದುಕಿಯರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು ಅವು. ಹಾಡಿದವರಲ್ಲಿ ಹಲವರು ಈಗಿಲ್ಲ.

ಸೊಸೆಯು ತನ್ನ ಹಳೆಯ ಡಿಸ್ಕಿನಲ್ಲಿದ್ದ ಪ್ರತಿಗಳಿಗೆ ಇನ್ನಷ್ಟು ಹಾಡುಗಳನ್ನು ಸೇರಿಸಿ, ನಾಲ್ಕನ್ನೂ ಆ ಫೋಲ್ಡರಿಗೆ ಕಳುಹಿಸಿದಳು. ಮೂರು ಕಡತಗಳು ಹಳೆಯವುಗಳ ಸ್ಥಾನದಲ್ಲಿ ಸರಿಯಾಗಿ ಕುಳಿತುವು. ಹೊಸಪೇಟೆ ಮಾತ್ರ ಎರಡಾಯಿತು. ನಾನು ಹೆಸರನ್ನು ಬರೆದು ತೆರೆದರೆ ಹಳೆಯದೇ ತೆರೆಯುತ್ತಿತ್ತು. ಸೇರಿಸಿದ ಹಾಡುಗಳು ಅದರಲ್ಲಿರಲಿಲ್ಲ.

"ಹೆಸರು ಒಂದೇ ಇದೆ ಮಾವನವರೆ, ಒಂದನ್ನು ಅಳಿಸಿಬಿಡಲೆ?" ಎಂದಳು.

"ತಡೆಯಮ್ಮ, ಎರಡರ ಗಾತ್ರವನ್ನೂ ಮೊದಲು ನೋಡೋಣ" ಎಂದೆ. ಗಾತ್ರಗಳು ಬೇರೆಬೇರೆಯಾಗಿದ್ದುವು. ಬಳಿಕ ಹೆಸರುಗಳನ್ನು ಅಂಕಗಳಾಗಿ ಬಿಡಿಸಿ ತೋರಿಸುವ ಆಜ್ಞೆಯನ್ನು ಕೊಟ್ಟೆವು. ಕಾರಣವು ಅಲ್ಲಿ ಕಂಡಿತು.

ಗಣಕಕ್ಕೆ ಅಕ್ಷರವೆಂದರೆ ಅಂಕ. ಯುನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ 'ಹೊ' ಎಂಬುದನ್ನು ಹಕಾರಕ್ಕೆ ಒತ್ವದ ಒಂದೇ ಚಿಹ್ನೆಯನ್ನು ಹಚ್ಚಿ ಬರೆಯಬಹುದು. ಎತ್ವವನ್ನೂ ಊಕಾರದ ಕೊಂಬನ್ನೂ ಬೇರೆಬೇರೆಯಾಗಿ ಹಚ್ಚಿಯೂ ಬರೆಯಬಹುದು. ಹಾಗೆಯೇ 'ಪೇ' ಎಂಬುದು ಏತ್ವದ ಒಂದು ಚಿಹ್ನೆಯಿಂದಾಗಬಹುದು, ಇಲ್ಲವೆ ಎತ್ವ ಮತ್ತು ದೀರ್ಘಗಳಿಂದಾಗಬಹುದು. ಕೂಡಿಸಿ ಬರೆದ 'ಹೊಸಪೇಟೆ'ಯಲ್ಲಿ 7 ಸಂಕೇತಗಳು. ಬಿಡಿಸಿ ಬರೆದುದರಲ್ಲಿ 9. ಮ್ಯಾಕಿನ ಹಳೆಯ ಕಡತವ್ಯವಸ್ಥೆಯಾದ 1998ರ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಕೊಟ್ಟುದನ್ನು ಕೊಟ್ಟಂತೆಯೇ ಇಡುತ್ತದೆ. ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ಹೀಗೆ ಒಡೆಯುವ ಚಿಹ್ನೆಗಳಿಲ್ಲ. ಆದುದರಿಂದ ಅವುಗಳಿಗೆ ಬಾಧೆಯಿಲ್ಲ.

'ದೇವೇಂದ್ರ' ಎಂದರೂ 'ದೇವ, ಇಂದ್ರ' ಎಂದು ಬಿಡಿಸಿದರೂ ಸಂಧಿಯನ್ನು ಕಲಿತ ಬಾಲಕನು ಪದವೊಂದೇ ಎಂದು ತಿಳಿಯುತ್ತಾನೆ. ಯುನಿಕೋಡಿನ ನಿಯಮವೂ ಎರಡು ರೂಪಗಳನ್ನು ಸಮಾನವೆಂದೇ ಎಣಿಸುತ್ತದೆ. ಆದರೆ ಅಂಕಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಅವು ಎರಡು. ಇಲ್ಲಿ ಎರಡು ಗಣಕಗಳೂ ತಮ್ಮ ತಮ್ಮ ಧರ್ಮದಂತೆ ನಡೆದಿವೆ.

ಪರಿಹಾರವು ಕಷ್ಟವಲ್ಲ. ಮೊದಲು ಎರಡು ಕಡತಗಳಿಗೂ ಬೇರೆ ಹೆಸರಿಟ್ಟು, ತೆರೆದು, ಓದಿ, ಪೂರ್ಣವಾದುದನ್ನು ಉಳಿಸಿಕೊಳ್ಳಬೇಕು. ಹೆಸರುಗಳು ಬಹಳವಿದ್ದರೆ, ಲಿನಕ್ಸಿನಲ್ಲಿ 'ಕಾನ್ವ್-ಎಂವಿ' ಎಂಬ ಸಾಧನವು ಅವನ್ನು ಕೂಡಿದ ರೂಪಕ್ಕೆ ತರುತ್ತದೆ. ಅಪ್ಪಣೆಯನ್ನು ಬೇರೆಯಾಗಿ ಕೊಡುವವರೆಗೆ, ಏನು ಬದಲಾಗುವುದೆಂಬುದನ್ನು ಮಾತ್ರ ತೋರಿಸುತ್ತದೆ. ಮ್ಯಾಕಿನಲ್ಲಿ ಫೋಲ್ಡರನ್ನು ಜೋಡಿಸುವಾಗ 'ಎನ್‌ಎಫ್‌ಸಿ' ಎಂಬ ಆಯ್ಕೆಯನ್ನು ಕೊಟ್ಟರೆ, ಹೆಸರುಗಳು ಕೂಡಿದ ರೂಪದಲ್ಲಿಯೇ ಹೊರಡುತ್ತವೆ. 2017ರಲ್ಲಿ ಬಂದ ಅದರ ಹೊಸ ವ್ಯವಸ್ಥೆಯು ಕೊಟ್ಟ ರೂಪವನ್ನೇ ಉಳಿಸುವುದು ನಿಜ. ಆದರೆ ಹಳೆಯ ಡಿಸ್ಕುಗಳು ಇನ್ನೂ ಅನೇಕರ ಪೆಟ್ಟಿಗೆಗಳಲ್ಲಿವೆ.

ಅವುಗಳಲ್ಲಿ ಮಕ್ಕಳ ಚಿತ್ರಗಳಿರುತ್ತವೆ, ಹಿರಿಯರ ಪತ್ರಗಳಿರುತ್ತವೆ. ಒಂದೇ ಹೆಸರು ಎರಡು ಸಲ ಕಂಡಾಗ ನಕಲೆಂದು ಅಳಿಸುವ ಮೊದಲು ಎರಡನ್ನೂ ತೆರೆದು ಓದತಕ್ಕದ್ದು. ಗಣಕವು ಹೆಸರನ್ನು ಹೋಲಿಸಬಲ್ಲದು. ಒಳಗಿರುವ ಹಾಡು ಯಾರದೆಂಬುದನ್ನು ಮನೆಯವರೇ ಬಲ್ಲರು.