ಮತ್ತೆ ಬಿತ್ತು!

ಮನೆಯ ಉಪಕರಣಗಳಲ್ಲಿ ಎರಡು ಬಗೆ. ಹೇಳಿದಂತೆ ಕೇಳಿಕೊಂಡು ದುಡಿಯುವಂಥವು ಕೆಲವು. ಸರಿಯಲ್ಲದ್ದನ್ನು ಕಂಡೊಡನೆ ಕೆಲಸ ನಿಲ್ಲಿಸಿ ಕುಳಿತುಬಿಡುವಂಥವು ಇನ್ನು ಕೆಲವು. ಗೃಹಸ್ಥರು ಮೊದಲನೆಯವನ್ನು ಹೊಗಳುತ್ತಾರೆ, ಎರಡನೆಯವನ್ನು ಶಪಿಸುತ್ತಾರೆ. ಮೀಟರಿನ ಪಕ್ಕದ ಪೆಟ್ಟಿಗೆಯೊಳಗಿದ್ದು, ಹೊತ್ತುಗೊತ್ತಿಲ್ಲದೆ 'ಟಕ್' ಎಂದು ಬೀಳುವ ಸ್ವಿಚ್ಚಿನಷ್ಟು ಶಾಪ ತಿಂದ ವಸ್ತು ಈ ಎರಡನೆಯ ಬಗೆಯಲ್ಲಿ ಬೇರೊಂದಿಲ್ಲ.

ವಿದ್ಯುಚ್ಛಕ್ತಿಯ ಪರಿಚಯ ಕನ್ನಡಿಗರಿಗೆ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಬಹುಕಾಲ ಮನೆಗಳನ್ನು ಕಾದದ್ದು ಪಿಂಗಾಣಿಯ ಹಿಡಿಗೆ ಬಿಗಿದ ಫ್ಯೂಸ್ ತಂತಿ. ಭಾರ ಹೆಚ್ಚಾದರೆ ಅದು ತಾನು ಸುಟ್ಟುಹೋಗಿ ಮನೆಯನ್ನು ಉಳಿಸುತ್ತಿತ್ತು. ಎರಡು ಸಲ ಸುಟ್ಟರೆ ಮೂರನೆಯ ಸಲಕ್ಕೆ ದಪ್ಪ ತಂತಿ ಸುತ್ತುವ ಜಾಣರು ಅಂದೂ ಇದ್ದರು. ಅವರ ಸಂತತಿ ಇಂದೂ ಅಳಿದಿಲ್ಲ.

ದೊಡ್ಡಬಳ್ಳಾಪುರ ನೇಕಾರರ ಊರು. ಓಣಿಗಳಲ್ಲಿ ನಡೆದರೆ ಮನೆಮನೆಯಿಂದಲೂ ವಿದ್ಯುತ್ ಮಗ್ಗಗಳ ಸದ್ದು ಕೇಳಿಬರುತ್ತದೆ. ಅಂಥದೊಂದು ಮನೆಯಲ್ಲಿ ಮಳೆಗಾಲ ಆರಂಭವಾದಂದಿನಿಂದ ಸಾಕೆಟ್ಟುಗಳ ಸ್ವಿಚ್ಚು ಬೀಳತೊಡಗಿತು. ಬೆಳಗಿನ ಹೊತ್ತಿನಲ್ಲಿ ಚಟ್ನಿ ಅರ್ಧ ತಿರುಗುವಷ್ಟರಲ್ಲಿ ಮಿಕ್ಸಿ ನಿಲ್ಲುವುದು. ಬಚ್ಚಲಿನ ಬಕೆಟ್ಟಿನಲ್ಲಿ ನೀರು ತಣ್ಣಗೇ ಉಳಿಯುವುದು. ಶಾಲೆಗೆ ಹೊರಟ ಹುಡುಗನ ಅಂಗಿಗೆ ಇಸ್ತ್ರಿಯಿಲ್ಲ. "ಮತ್ತೆ ಬಿತ್ತು!" ಎಂಬ ಕೂಗು ಕೇಳಿದಾಗಲೆಲ್ಲ ಯಜಮಾನನು ಮಗ್ಗವನ್ನು ಬಿಟ್ಟು ಎದ್ದು ಬರಬೇಕು. ಮಗ್ಗಕ್ಕೆ ಬೇರೆ ಮೀಟರಿದ್ದರೂ ಮಗ್ಗದವನು ಒಬ್ಬನೇ.

ಐದನೆಯ ದಿನ ಅವನ ತಾಳ್ಮೆ ಮುಗಿಯಿತು. "ಈ ಪೀಡೆ ಕಿತ್ತುಹಾಕಿ ನೇರವಾಗಿ ತಂತಿ ಕಟ್ಟಿಸಿಬಿಡ್ತೀನಿ. ಅಪ್ಪನ ಕಾಲದಲ್ಲಿ ಇದೆಲ್ಲ ಇತ್ತೇನಮ್ಮ?" ಎಂದ.

ಬಾಗಿಲ ಬಳಿ ನೂಲು ಸುತ್ತುತ್ತಿದ್ದ ತಾಯಿ ತಲೆಯೆತ್ತಲಿಲ್ಲ. "ಹೊಕ್ಕಿನೆಳೆ ಕಡಿದ್ರೆ ಮಗ್ಗ ತಾನಾಗೇ ನಿಲ್ಲುತ್ತಲ್ಲಪ್ಪ. ಆಗ ಎಳೆ ಹುಡುಕ್ತೀಯೋ, ಮಗ್ಗಾನ ಬೈತೀಯೋ?" ಎಂದರು.

ನೇಕಾರನಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ. ತಂತಿ ಕಟ್ಟಲೆಂದು ಕರೆಸಿಕೊಂಡ ಎಲೆಕ್ಟ್ರೀಷಿಯನ್ ಅಂದು ಎಳೆ ಹುಡುಕುವ ಕೆಲಸಕ್ಕೆ ತೊಡಗಿದ.

ಪೆಟ್ಟಿಗೆಯಲ್ಲಿರುವ ಕಾವಲುಗಾರರು ಇಬ್ಬರೆಂಬುದನ್ನು ಬಹುಮಂದಿ ಅರಿಯರು. ಎಂಸಿಬಿ ಎಂಬುದು ತಂತಿಯ ಕಾವಲಿಗೆ. 230 ವೋಲ್ಟಿನಲ್ಲಿ 2,000 ವ್ಯಾಟಿನ ಗೀಸರು ಸುಮಾರು 9 ಆಂಪಿಯರ್ ಎಳೆಯುತ್ತದೆ. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ನಾಲ್ಕಕ್ಕೂ ಮಿಕ್ಕಿ. ಇವೆರಡರ ಜೊತೆಗೆ ವಿದ್ಯುತ್ ಒಲೆಯನ್ನೂ ಒಂದೇ ಸಾಲಿಗೆ ಹೂಡಿದರೆ 16 ಆಂಪಿಯರಿನ ಎಂಸಿಬಿ ಕೊಂಚ ಹೊತ್ತು ಸಹಿಸಿ, ಕಾದು, ಬೀಳುತ್ತದೆ. ತಂತಿಗೆ ತಂತಿ ತಾಗಿದ್ದರೆ ಕ್ಷಣವೂ ಸಹಿಸದು.

ಎರಡನೆಯವನು ಆರ್‌ಸಿಸಿಬಿ, ಇಎಲ್‌ಸಿಬಿ ಎಂಬುದು ಇವನಿಗೆ ರೂಢಿಯ ಹೆಸರು. ಇವನು ಮನುಷ್ಯನ ಕಾವಲಿಗೆ. ಫೇಸ್ ತಂತಿಯಲ್ಲಿ ಹೋದ ವಿದ್ಯುತ್ತು ನ್ಯೂಟ್ರಲಿನಲ್ಲಿ ಅಷ್ಟೇ ಹಿಂದಿರುಗಿತೇ ಎಂದು ಎಡೆಬಿಡದೆ ಲೆಕ್ಕ ನೋಡುವುದೊಂದೇ ಇವನ ಕೆಲಸ. ಲೆಕ್ಕದಲ್ಲಿ 30 ಮಿಲಿ ಆಂಪಿಯರಿನಷ್ಟು ಕೊರತೆ ಬಂದರೆ, ಅದು ಗೋಡೆಯ ಮೂಲಕವೋ ಮನುಷ್ಯನ ಮೈಯ ಮೂಲಕವೋ ನೆಲಕ್ಕೆ ಸೋರುತ್ತಿದೆಯೆಂದು ತಿಳಿದು, ಕಣ್ಣೆವೆ ಮುಚ್ಚುವಷ್ಟರಲ್ಲಿ ಸಂಪರ್ಕವನ್ನು ಕಡಿಯುತ್ತಾನೆ. 30 ಮಿಲಿ ಆಂಪಿಯರ್ ಎಂದರೆ 16 ಆಂಪಿಯರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮನುಷ್ಯನ ಪ್ರಾಣಕ್ಕೆ ಅಪಾಯ ಒದಗುವುದು ಇಷ್ಟು ಅಲ್ಪ ಪ್ರಮಾಣದ ಆಸುಪಾಸಿನಲ್ಲಿಯೇ. ಎಂಸಿಬಿಗೆ ಇದು ಲೆಕ್ಕಕ್ಕೇ ಸಿಗದು. ಆ ಮನೆಯಲ್ಲಿ ಬೀಳುತ್ತಿದ್ದುದು ಈ ಎರಡನೆಯ ಸ್ವಿಚ್ಚು.

ಹುಡುಕುವ ಕ್ರಮ ಸರಳವಾದುದು. ಎಲ್ಲ ಉಪಕರಣಗಳ ಪ್ಲಗ್ಗುಗಳನ್ನೂ ಕಿತ್ತಿಡಬೇಕು. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು. ಅದು ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲಿನ ದೋಷ ಹಾಗೆಯೇ ಉಳಿಯುತ್ತದೆ. ಅನಂತರ ಬಿದ್ದ ಸ್ವಿಚ್ಚನ್ನು ಎತ್ತಬೇಕು. ಬರಿಯ ಸಾಕೆಟ್ಟುಗಳಿದ್ದರೂ ಬಿದ್ದರೆ ದೋಷವಿರುವುದು ಗೋಡೆಯೊಳಗೆ: ತೇವ ಹಿಡಿದ ಸಾಕೆಟ್ ಪೆಟ್ಟಿಗೆಯೋ, ಹೊದಿಕೆ ಸವೆದ ತಂತಿಯೋ. ಅದನ್ನು ಮೆಗ್ಗರಿನಿಂದ ಅಳೆಯಬಲ್ಲ ಬಲ್ಲವನಿಗೇ ಬಿಡಬೇಕು. ಸ್ವಿಚ್ಚು ನಿಂತರೆ, ಉಪಕರಣಗಳನ್ನು ಒಂದೊಂದಾಗಿ ಹೂಡಿ ನೋಡಬೇಕು.

ಸೊಸೆ ಒಂದೊಂದನ್ನೇ ತಂದುಕೊಟ್ಟಳು. ಫ್ರಿಜ್ಜು ನಿರ್ದೋಷಿ. ಮಿಕ್ಸಿ ನಿರ್ದೋಷಿ. ಇಸ್ತ್ರಿಪೆಟ್ಟಿಗೆಯೂ ಪಾರಾಯಿತು. ಕೊನೆಗೆ ಬಕೆಟ್ಟಿನಲ್ಲಿ ಮುಳುಗಿಸುವ ನೀರು ಕಾಯಿಸುವ ರಾಡು. ಹೂಡಿದೊಡನೆ 'ಟಕ್'. ಇನ್ನೊಮ್ಮೆ ನೋಡಿದರೂ 'ಟಕ್'.

ರಾಡಿನ ಲೋಹದ ಕೊಳವೆಗೂ ಒಳಗಿನ ಕಾಯುವ ತಂತಿಗೂ ನಡುವೆ ತುಂಬಿರುವ ಪುಡಿ ಒಣಗಿದ್ದಷ್ಟು ಕಾಲವೇ ಕ್ಷೇಮ. ತುದಿಯ ಮುಚ್ಚಿಗೆ ಬಿರಿದರೆ ತೇವ ಒಳನುಗ್ಗಿ ವಿದ್ಯುತ್ತು ಕೊಳವೆಗೆ ಸೋರುತ್ತದೆ. ಕಾದಾಗ ಒಣಗಿ, ಆರಿದಾಗ ಮತ್ತೆ ತೇವ ಹೀರುವುದರಿಂದ, ಒಂದು ದಿನ ಬೀಳಿಸಿ ಒಂದು ದಿನ ಸುಮ್ಮನಿದ್ದು ಮನೆಯವರನ್ನು ದಿಕ್ಕುತಪ್ಪಿಸುತ್ತದೆ.

"ನೀರು ಕಾದಿದೆಯಾ ಅಂತ ದಿನಾ ಬೆರಳು ಅದ್ದಿ ನೋಡೋರು ಯಾರು?" ಎಂದು ಎಲೆಕ್ಟ್ರೀಷಿಯನ್ ಕೇಳಿದ.

ಯಾರೂ ಉತ್ತರ ಕೊಡಲಿಲ್ಲ. ಎಲ್ಲರ ಕಣ್ಣೂ ಬರಿಗಾಲಿನಲ್ಲಿ ಬಚ್ಚಲ ಹೊಸ್ತಿಲ ಮೇಲೆ ನಿಂತಿದ್ದ ಹುಡುಗನ ಕಡೆಗೆ ತಿರುಗಿತು. ತಾಯಿ ಅವನ ಕೈಯನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

ಎಲೆಕ್ಟ್ರೀಷಿಯನ್ ಆ ರಾಡಿನ ಪ್ಲಗ್ಗನ್ನೂ ಬಿಚ್ಚಿ ನೋಡಿದ. ಅರ್ತ್ ತಂತಿ ಕಿತ್ತುಹೋಗಿತ್ತು. ಅದು ನೆಟ್ಟಗಿದ್ದರೆ ಸೋರಿಕೆ ಅದರ ಮೂಲಕವೇ ನೆಲ ಸೇರಿ, ಸ್ವಿಚ್ಚು ಅಲ್ಲಿಯೇ ಬೀಳುತ್ತದೆ. ಇಲ್ಲದಿದ್ದರೆ ಸೋರಿಕೆ ನೀರಿನಲ್ಲಿ ದಾರಿ ಹುಡುಕುತ್ತದೆ, ಇಲ್ಲವೆ ಯಾರದಾದರೂ ಕೈಯನ್ನು ಕಾಯುತ್ತದೆ. ಮೂರು ಕಾಲಿನ ಪ್ಲಗ್ಗನ್ನು ಎರಡು ಕಾಲಿನದಕ್ಕೆ ಸಿಕ್ಕಿಸುವ ಮನೆಗಳೆಲ್ಲ ಇದನ್ನು ನೆನಪಿಡಬೇಕು.

ರಾಡು ಗುಜರಿಗೆ ಹೋಯಿತು. ಸ್ವಿಚ್ಚು ತನ್ನ ಜಾಗದಲ್ಲಿಯೇ ಉಳಿಯಿತು. ಅದರ ಮೇಲೆ 'ಟೆಸ್ಟ್' ಎಂಬ ಪುಟ್ಟ ಗುಂಡಿಯಿದೆ. ತಿಂಗಳಿಗೊಮ್ಮೆ ಸೊಸೆ ಅದನ್ನು ಒತ್ತುತ್ತಾಳೆ. 'ಟಕ್' ಎಂದು ಬಿದ್ದರೆ ಎತ್ತಿ, ಅಡುಗೆಮನೆಗೆ ಹಿಂದಿರುಗುತ್ತಾಳೆ. ಬೀಳದಿದ್ದ ದಿನವೇ ಎಲೆಕ್ಟ್ರೀಷಿಯನ್‌ನನ್ನು ಕರೆಸಬೇಕೆಂಬುದು ಈಗ ಆ ಮನೆಯ ಹುಡುಗನಿಗೂ ಗೊತ್ತು.