ಕರಿ ರಾಡಿನ ಮೊದಲ ಕಟ್

ಕಬ್ಬಿಣದ ಅಂಗಡಿಯಲ್ಲಿ ದುಂಡು ರಾಡು ಕೇಳಿದರೆ ಎರಡು ಬಗೆ ತೋರಿಸುತ್ತಾರೆ. ಒಂದು ಕರಿ ರಾಡು, ಇನ್ನೊಂದು ಥಳಥಳ ಹೊಳೆಯುವ ಬ್ರೈಟ್ ಬಾರ್. ಹಳ್ಳಿ ಕೆಲಸಕ್ಕೆ ಹೆಚ್ಚಾಗಿ ಬರುವುದು ಕರಿ ರಾಡೇ, ಯಾಕೆಂದರೆ ಅದರ ರೇಟು ಕಡಿಮೆ. ಕಾರ್ಖಾನೆಯಲ್ಲಿ ಉಕ್ಕನ್ನು ಕೆಂಡದ ಹಾಗೆ ಕಾಯಿಸಿ, ರೋಲರ್‌ಗಳ ನಡುವೆ ಒತ್ತಿ ಇದನ್ನು ಮಾಡುತ್ತಾರೆ. ಬಿಸಿ ಆರುವಾಗ ಗಾಳಿ ತಾಗಿ ಮೈಮೇಲೆ ಕಪ್ಪು ಪದರ ಕಟ್ಟುತ್ತದೆ. ಅದಕ್ಕೆ ಸ್ಕೇಲ್ ಅನ್ನುತ್ತಾರೆ. ನೋಡಲು ಮಸಿ ಬಳಿದ ಹಾಗಿರುತ್ತದೆ, ಆದರೆ ಒಳಗಿನ ಉಕ್ಕಿಗಿಂತ ಗಟ್ಟಿ.

ನನ್ನ ಸೋದರಮಾವನದು ನಾಲ್ಕೂವರೆ ಅಡಿಯ ಹಳೇ ಲೇತ್. ಅವರ ಅಂಗಡಿಯಲ್ಲಿ ಅರ್ಧ ಚೌಕಾಸಿ ಈ ಕಪ್ಪು ಪದರದಿಂದಲೇ ಹುಟ್ಟುತ್ತದೆ. "ಮೇಸ್ತ್ರಿ, ರಾಡು ನಂದು, ಕರೆಂಟು ಮಾತ್ರ ನಿಮ್ದು. ಒಂದು ಪಿನ್ನಿಗೆ 300 ರೂಪಾಯಾ?" ಅಂತ ಕೇಳದವರು ಕಡಿಮೆ.

ಮಾವ ವಾದ ಮಾಡುವುದಿಲ್ಲ. ಹೆದರಿ ಹೆದರಿ ಕೂದಲೆಳೆಯಷ್ಟು ಕಟ್ ಕೊಟ್ಟರೆ ಟೂಲಿನ ಮೂತಿ ಆ ಗಟ್ಟಿ ಪದರದಲ್ಲೇ ಉಜ್ಜಿಕೊಂಡು ಹೋಗುತ್ತದೆ, ಒಂದೇ ಸಲಕ್ಕೆ ಮೊಂಡು. ಅದಕ್ಕೇ ಮೊದಲ ಕಟ್ಟಿನಲ್ಲೇ ಪದರದ ಕೆಳಗೆ ಇಳಿಯಬೇಕು. ಕರಿ ರಾಡು ಪೂರ್ತಿ ದುಂಡಗೂ ಇರುವುದಿಲ್ಲ. ಒಂದು ಕಡೆ ತಾಗಿ ಇನ್ನೊಂದು ಕಡೆ ತಾಗದೆ ಉಳಿಯುತ್ತದೆ. ಆದ್ದರಿಂದ ಮುಕ್ಕಾಲು, ಒಂದು ಮಿಲಿಮೀಟರ್ ಆಳ ಬೇಕಾಗುತ್ತದೆ. ದೊಡ್ಡ ಲೇತಿಗೆ ಅದು ಲೆಕ್ಕಕ್ಕೇ ಇಲ್ಲ. ಚಿಕ್ಕದು ನಡುಗುತ್ತದೆ, ಬೆಲ್ಟ್ ಜಾರುತ್ತದೆ, ರಾಡಿನ ಮೇಲೆ ಅಲೆ ಅಲೆ ಗುರುತು ಬೀಳುತ್ತದೆ.

ಮಾವ ಮೊದಲು ರಾಡಿನ ತುದಿಯ ಅಂಚನ್ನು ಓರೆಯಾಗಿ ಕಡಿಯುತ್ತಾರೆ. ಆಗ ಟೂಲಿನ ಮೂತಿ ಶುದ್ಧ ಲೋಹದೊಳಗೇ ನುಗ್ಗುತ್ತದೆ, ಕಪ್ಪು ಪದರ ಅದರ ಮುಂದೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ರಾಡನ್ನು ಚಕ್ಕಿನಿಂದ ಉದ್ದ ಹೊರಗೆ ಬಿಡುವುದಿಲ್ಲ. ಬಿಡಲೇಬೇಕಾದರೆ ಆ ತುದಿಗೆ ಸೆಂಟರ್ ಕೊಟ್ಟು ಹಿಡಿಸುತ್ತಾರೆ. ಎಚ್.ಎಸ್.ಎಸ್. ಟೂಲಾದರೆ 25 ಎಂ.ಎಂ. ರಾಡಿಗೆ ನಿಮಿಷಕ್ಕೆ 350 ಸುತ್ತಿನ ಆಸುಪಾಸು. ಸಿಪ್ಪೆ ಸುಲಿದ ಮೇಲೂ ಕೆಲಸ ಸಲೀಸಲ್ಲ. ಮೆತ್ತನೆಯ ಉಕ್ಕು ಟೂಲಿಗೆ ಅಂಟಿಕೊಂಡು ಮೈ ಹರಿದ ಹಾಗಾಗುತ್ತದೆ. ಟೂಲ್ ಮತ್ತೆ ಸಾಣೆ ಹಿಡಿದು, ಎಣ್ಣೆ ಬಿಟ್ಟು, ಕೊನೆಯ ಕಟ್ ತೆಳ್ಳಗೆ ಕೊಡಬೇಕು. 300 ರೂಪಾಯಿಯಲ್ಲಿ ಈ ಸಾಣೆಯ ಹೊತ್ತೂ ಸೇರಿದೆ. (ಹೊರಬರುವ ಸುರುಳಿಯನ್ನು ಕೈಯಲ್ಲಿ ಎಳೆಯಬೇಡಿ, ಬೆರಳು ಸೀಳುತ್ತದೆ.)

ಹಾಗಂತ ಕರಿ ರಾಡು ಕೀಳಲ್ಲ. ಬ್ರೈಟ್ ಬಾರನ್ನು ತಣ್ಣಗಿರುವಾಗ ಎಳೆದಿರುವುದರಿಂದ ಅದರೊಳಗೆ ಬಿಗಿ ಕೂತಿರುತ್ತದೆ. ಒಂದೇ ಬದಿಗೆ ಕೀ-ಗಾಡಿ ಹೊಡೆದರೆ ಬಾಗಿಬಿಡಬಹುದು. ಕರಿ ರಾಡಿನಲ್ಲಿ ಆ ಕಾಟ ಕಡಿಮೆ.

ನನಗೆ ದಿಗಿಲಾಗುವುದು ಬೇರೆ ವಿಷಯಕ್ಕೆ. ಮನೆ ಕಟ್ಟಿ ಉಳಿದ ಟಿಎಂಟಿ ಕಂಬಿಯ ತುಂಡು ತಂದು "ಇದರಲ್ಲೇ ಟ್ರೇಲರ್ ಪಿನ್ ಮಾಡ್ಕೊಡಿ, ಇದು ಭಾರೀ ಗಟ್ಟಿ" ಅನ್ನುವವರಿದ್ದಾರೆ. ಅದೂ ಬಿಸಿಯಲ್ಲೇ ರೋಲ್ ಆದದ್ದು. ಆದರೆ ರೋಲಿನಿಂದ ಹೊರಬಂದ ಕೂಡಲೇ ನೀರು ಹಾಯಿಸಿ ಹೊರಮೈಯನ್ನು ಮಾತ್ರ ಗಟ್ಟಿ ಮಾಡಿರುತ್ತಾರೆ. ಒಳತಿರುಳು ಮೆತ್ತಗೇ ಇರುತ್ತದೆ. ಮೇಲಿನ ಏಣುಗಳನ್ನು ತೆಗೆದು ನುಣ್ಣಗೆ ಮಾಡುವಾಗ ಲೇತ್ ಆ ಗಟ್ಟಿ ಮೈಯನ್ನೇ ಸುಲಿದು ಹಾಕುತ್ತದೆ. ಅಂಥ ಪಿನ್ ನಂಬಿ ಕಬ್ಬಿನ ಲೋಡು ಏರು ಹತ್ತಿಸುವುದು ಹೇಗೆ? ಹಿಂದೆ ಬೈಕಿನಲ್ಲಿ ಬರುವವರ ಗತಿ ಏನು?

ಮಾವ ಈ ಕೆಲಸ ಮುಟ್ಟುವುದಿಲ್ಲ. ಇ.ಎನ್.8 ರಾಡು ತನ್ನಿ ಅನ್ನುತ್ತಾರೆ. ಅದರಲ್ಲಿ ಇಂಗಾಲ ಸುಮಾರು 0.4 ಪರ್ಸೆಂಟ್, ಮಾಮೂಲಿ ಎಂ.ಎಸ್. ರಾಡಿನ ಹೆಚ್ಚುಕಡಿಮೆ ಎರಡರಷ್ಟು. ಅದೂ ಕಪ್ಪಗೇ ಸಿಗುವುದರಿಂದ ಬಣ್ಣ ನೋಡಿ ಗುರುತು ಹಿಡಿಯಲಾಗದು. ಗ್ರೈಂಡರ್ ಕಲ್ಲಿಗೆ ಹಿಡಿದರೆ ಎಂ.ಎಸ್. ಕಿಡಿ ಉದ್ದಕ್ಕೆ ಗೆರೆಯಂತೆ ಹಾರುತ್ತದೆ, ಇ.ಎನ್.8ರದು ಸುರುಸುರು ಬತ್ತಿಯ ಹಾಗೆ ತುದಿಯಲ್ಲಿ ಒಡೆಯುತ್ತದೆ.

ಮೊನ್ನೆ ಒಬ್ಬರು ಇದನ್ನೆಲ್ಲ ಕೇಳಿಯೂ ಸಿಟ್ಟಾಗಿ ಕಂಬಿ ಎತ್ತಿಕೊಂಡು ಹೊರಟರು. "ಗಿರಾಕಿ ಹೋದ್ರಲ್ಲ ಮಾವ" ಅಂದೆ. "ಹೋಗ್ಲಿ ಬಿಡು" ಅಂದು ಟೂಲ್ ಸಾಣೆ ಹಿಡಿಯಲು ಹೋದರು.

ನೀವು ಪಿನ್ ಮಾಡಿಸುವುದಿದ್ದರೆ ಹಳೇ ಪಿನ್ನನ್ನೂ ಜೊತೆಗೆ ಒಯ್ಯಿರಿ. ಸವೆದಿರದ ತುದಿಯಲ್ಲಿ ಅಳತೆ ಸಿಗುತ್ತದೆ. 25 ಎಂ.ಎಂ. ಪಿನ್ ಬೇಕಿದ್ದರೆ 28ರ ಕರಿ ರಾಡು ಕೊಳ್ಳಿ, ಸಿಪ್ಪೆ ಸುಲಿಯಲು ಅಷ್ಟು ಜಾಗ ಬೇಕು.